ಕರಿಯನ ಗಂಟಲಲ್ಲಿ ಮೂಳೆ ಇರಲಿಲ್ಲ

ರಾತ್ರಿ ಹತ್ತೂವರೆಯ ಹೊತ್ತು. ಮೈಸೂರಿನ ಒಂಟಿಕೊಪ್ಪಲಿನ ಒಂದು ಮನೆ. ಮದುವೆಗೆಂದು ಶಿರಸಿಗೆ ಹೋಗಿದ್ದ ಮನೆಯವರು ಹಿಂದಿರುಗಿ ಆರು ದಿನವಾಗಿತ್ತು. ಒಂಬತ್ತನೇ ತರಗತಿಯ ಹುಡುಗಿ ಮಾರನೆಯ ದಿನದ ಗಣಿತ ಪರೀಕ್ಷೆಗೆ ಓದುತ್ತಾ ಕುಳಿತಿದ್ದಳು. ಜಗಲಿಯಲ್ಲಿ ಮಲಗಿದ್ದ ಕರಿಯ ಇದ್ದಕ್ಕಿದ್ದಂತೆ ಎದ್ದು, ಕತ್ತನ್ನು ಮುಂದಕ್ಕೆ ಚಾಚಿ, ಬಾತುಕೋಳಿ ಕೂಗಿದಂತೆ ಸದ್ದು ಮಾಡತೊಡಗಿತು. ಗೊಕ್, ಗೊಕ್, ಗೊಕ್. ಕೊನೆಗೊಮ್ಮೆ ವಾಂತಿ ಬರುವಂತೆ ಓಕರಿಸಿ ಒಂದಿಷ್ಟು ಬಿಳಿ ನೊರೆ ಕಾರಿತು.

ಅಜ್ಜಿ ಒಳಗಿನಿಂದಲೇ ತೀರ್ಪು ಕೊಟ್ಟರು: "ಯಾರೋ ಮೂಳೆ ಹಾಕಿದ್ದಾರೆ. ಗಂಟಲಿಗೆ ಸಿಕ್ಕಿಕೊಂಡಿದೆ. ತೆಗೆಯೋ ಅದನ್ನ, ಪಾಪ."

ಅಪ್ಪ ಅಂಗಿಯ ತೋಳು ಮಡಿಸಿ ನಾಯಿಯ ಬಾಯಿ ಅಗಲಿಸಲು ಕುಳಿತರು. "ರೀ, ಕೈ ಹಾಕಬೇಡಿ" ಎಂದು ಅಮ್ಮ ಕೂಗಿದ್ದರಿಂದ ಆ ಕೈ ಅಲ್ಲಿಗೇ ನಿಂತಿತು.

ಕಥೆಯನ್ನು ಇಲ್ಲಿ ತುಸು ನಿಲ್ಲಿಸಬೇಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಆಡುವ ನಾಯಿಯ ಬಾಯಿಗೆ ಕೈ ಹಾಕುವುದು ಭಾರತದಂಥ ದೇಶದಲ್ಲಿ ಬಹಳ ಅಪಾಯದ ಕೆಲಸ. ಹುಚ್ಚುನಾಯಿ ಎಂದರೆ ಬಾಯಿ ತೆರೆದು ಕಚ್ಚಲು ಓಡಿಬರುವ ಪ್ರಾಣಿ ಎಂದೇ ಹೆಚ್ಚಿನವರ ಕಲ್ಪನೆ. ಆದರೆ ರೇಬೀಸ್‌ಗೆ ಇನ್ನೊಂದು ರೂಪವಿದೆ. ಅದರಲ್ಲಿ ನಾಯಿ ಯಾರ ಮೇಲೂ ಎರಗುವುದಿಲ್ಲ. ಗಂಟಲು ಮತ್ತು ದವಡೆಯ ಸ್ನಾಯುಗಳು ಸೋತು ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲಾಗುವುದಿಲ್ಲ, ಬೊಗಳುವ ದನಿಯೇ ಬದಲಾಗುತ್ತದೆ. ನೋಡಿದವರಿಗೆ ಮೂಳೆ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಮರುಕದಿಂದ ಬಾಯೊಳಗೆ ಕೈಯಿಟ್ಟವರ ಬೆರಳಿನ ಸಣ್ಣ ಗೀರಿಗೆ ಆ ಜೊಲ್ಲು ತಗುಲಿದರೂ ಸಾಕು, ರೋಗ ಅಂಟಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಹಾಗೆ ಜೊಲ್ಲು ತಗುಲಿದವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದುಕೊಂಡು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

ಅಮ್ಮ ಕಪಾಟಿನಿಂದ ಕರಿಯನ ಲಸಿಕೆಯ ಕಾರ್ಡು ಹುಡುಕಿ ತಂದರು. ರೇಬೀಸ್ ಲಸಿಕೆ ಹಾಕಿಸಿ ಏಳು ತಿಂಗಳಾಗಿತ್ತು. ಅಷ್ಟರಲ್ಲಿ ಕರಿಯ ತಾನಾಗಿ ಎದ್ದುಹೋಗಿ ಬಟ್ಟಲಿನ ನೀರು ಕುಡಿದು ಬಾಲ ಆಡಿಸಿತು. ಗಂಟಲಲ್ಲಿ ನಿಜವಾಗಿ ಏನಾದರೂ ಸಿಕ್ಕಿದ ನಾಯಿ ಹೀಗಿರುವುದಿಲ್ಲ. ಅದು ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಉಸಿರಿಗೆ ಒದ್ದಾಡುತ್ತದೆ, ಒಸಡು ನೀಲಿಗಟ್ಟುತ್ತದೆ. ಆಗ ಒಂದು ನಿಮಿಷವೂ ತಡಮಾಡದೆ ಪಶುವೈದ್ಯರಲ್ಲಿಗೆ ಓಡಬೇಕು. ಕರಿಯನದು ಕೆಮ್ಮಿನ ಬಿಡುವಿನಲ್ಲಿ ಎಂದಿನ ಉಸಿರು, ಎಂದಿನ ಚೇಷ್ಟೆ. ಹುಡುಗಿ ಮಾಡಿದ ಜಾಣತನದ ಕೆಲಸವೆಂದರೆ ಮುಂದಿನ ಸಲ ಕೆಮ್ಮು ಬಂದಾಗ ಮೊಬೈಲಿನಲ್ಲಿ ವಿಡಿಯೊ ಹಿಡಿದದ್ದು. ಆಸ್ಪತ್ರೆಗೆ ಹೋದ ನಾಯಿ ಅಲ್ಲಿ ಕೆಮ್ಮುವುದೇ ಇಲ್ಲ. ಸ್ಕೂಟರಿನ ಸದ್ದು ಮೆಕ್ಯಾನಿಕ್ಕನ ಮುಂದೆ ನಿಂತುಹೋಗುತ್ತದಲ್ಲ, ಹಾಗೆ.

ಮರುದಿನ ವೈದ್ಯರು ವಿಡಿಯೊ ನೋಡಿದರು. ಕರಿಯನ ಕತ್ತಿನ ಮುಂಭಾಗದ ಶ್ವಾಸನಾಳವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ತಕ್ಷಣ ಅದೇ ಗೊಕ್, ಗೊಕ್.

"ಈ ಹದಿನೈದು ದಿನದಲ್ಲಿ ಬೇರೆ ನಾಯಿಗಳ ಜೊತೆ ಬಿಟ್ಟಿದ್ರಾ?"

"ಮದುವೆಗೆ ಹೋದಾಗ ನಾಲ್ಕು ದಿನ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ವಿ, ಡಾಕ್ಟ್ರೇ."

"ಅಲ್ಲಿಂದಲೇ ಬಂದಿರಬೇಕು."

ಅಪ್ಪ ಅಲ್ಲಿಂದಲೇ ಬೋರ್ಡಿಂಗ್‌ನವರಿಗೆ ಫೋನು ಮಾಡಿದರು. ಹೌದು, ಆ ವಾರ ಎರಡು ನಾಯಿಗಳು ಕೆಮ್ಮುತ್ತಿದ್ದವಂತೆ. "ಒಂದು ಮಾತು ಹೇಳಬಾರದಿತ್ತೇನ್ರೀ? ಹೇಳಿದ್ದರೆ ನಾವು ಬಿಡುತ್ತಲೇ ಇರಲಿಲ್ಲ" ಎಂದು ಅಪ್ಪ ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದೇ. ಅದು ಮುಂದೆ ಮತ್ತೊಮ್ಮೆ ನೆನಪಾಗಲಿದೆ.

ಈ ಕಾಯಿಲೆಯನ್ನು ಇಂಗ್ಲಿಷಿನಲ್ಲಿ ಕೆನಲ್ ಕಾಫ್ ಎನ್ನುತ್ತಾರೆ, ಅಂದರೆ ನಾಯಿಗೂಡಿನ ಕೆಮ್ಮು. ನಾಯಿಗಳು ಗುಂಪಾಗಿ ಇರುವಲ್ಲಿ ಹಬ್ಬುವುದರಿಂದ ಈ ಹೆಸರು. ಇದಕ್ಕೆ ಒಂದೇ ರೋಗಾಣು ಕಾರಣವಲ್ಲ. ಪ್ಯಾರಾಇನ್‌ಫ್ಲುಯೆಂಜಾ, ಅಡಿನೊವೈರಸ್ ಮೊದಲಾದ ವೈರಸ್‌ಗಳು, ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ ಒಂಟಿಯಾಗಿಯೋ ಜೊತೆಗೂಡಿಯೋ ಇದನ್ನು ತರುತ್ತವೆ. ಜೀವಶಾಸ್ತ್ರ ಓದುವ ಮಕ್ಕಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಗಾಳಿಗೆ ತೂಗುವ ಭತ್ತದ ಗದ್ದೆಯಂತೆ ಅವು ಸದಾ ಒಂದೇ ದಿಕ್ಕಿಗೆ ಬಾಗುತ್ತಾ ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ಬಾರ್ಡೆಟೆಲ್ಲಾ ಹೋಗಿ ಅಂಟಿಕೊಳ್ಳುವುದು ಈ ರೋಮಗಳಿಗೇ. ಅಂಟಿಕೊಂಡು ಅವುಗಳ ಓಲಾಟವನ್ನೇ ನಿಲ್ಲಿಸಿಬಿಡುತ್ತದೆ. ಗುಡಿಸುವವರಿಲ್ಲದ ಮನೆಯಲ್ಲಿ ಕಸ ತುಂಬುವಂತೆ ನಾಳದಲ್ಲಿ ಕಫ ನಿಲ್ಲುತ್ತದೆ, ಒಳಗೋಡೆ ಕೆರಳುತ್ತದೆ. ಆಗ ಸ್ವಲ್ಪ ಓಡಿದರೂ, ಕೊರಳಿನ ಬೆಲ್ಟು ಎಳೆದರೂ, ಯಾರೋ ಬಂದರೆಂದು ಖುಷಿಯಿಂದ ಕುಣಿದರೂ ಕೆಮ್ಮು ಕೆರಳುತ್ತದೆ.

ಬಾರ್ಡೆಟೆಲ್ಲಾ ಎಂಬ ಹೆಸರು ಬೆಲ್ಜಿಯಂನ ವಿಜ್ಞಾನಿ ಜೂಲ್ ಬೋರ್ಡೆಯಿಂದ ಬಂದದ್ದು. 1906ರಲ್ಲಿ ಆತ ಒಕ್ಟಾವ್ ಜೆಂಗೂ ಜೊತೆಗೂಡಿ ಬೇರ್ಪಡಿಸಿ ತೋರಿಸಿದ್ದು ಇದೇ ಕುಟುಂಬದ ಇನ್ನೊಂದು ರೋಗಾಣುವನ್ನು. ಅದು ಮಕ್ಕಳಿಗೆ ಪೆರ್ಟುಸಿಸ್ ತರುವ ಬ್ಯಾಕ್ಟೀರಿಯಾ. ಆ ಕಾಯಿಲೆಗೆ ಕನ್ನಡದ ಹೆಸರೇನು? ನಾಯಿಕೆಮ್ಮು! ಮಗು ಕೆಮ್ಮುವುದು ನಾಯಿಯ ಸದ್ದಿನಂತಿದೆ ಎಂದು ಹಿರಿಯರು ಕರೆದ ಹೆಸರಿರಬೇಕು. ಕಿವಿಯಿಂದ ಕಂಡುಕೊಂಡ ಈ ನಂಟು ಸೂಕ್ಷ್ಮದರ್ಶಕದಲ್ಲೂ ನಿಜವೇ ಆಯಿತು. ಹಾಗೆಂದು ತಾಯಂದಿರು ಗಾಬರಿಯಾಗಬೇಕಿಲ್ಲ. ಮಗುವಿನ ನಾಯಿಕೆಮ್ಮು ನಾಯಿಯಿಂದ ಬರುವುದಲ್ಲ, ಅದಕ್ಕೆ ಡಿಪಿಟಿ ಲಸಿಕೆಯ ನಡುವಿನ 'ಪಿ' ಇದೆ. ನಾಯಿಯ ಬಾರ್ಡೆಟೆಲ್ಲಾ ಮನುಷ್ಯರಿಗೆ ತಗಲುವುದು ತೀರ ಅಪರೂಪ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಹೀಗೆ ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ಕೆಮ್ಮುವ ನಾಯಿಯಿಂದ ದೂರವಿರುವುದು ಒಳ್ಳೆಯದು.

ವೈದ್ಯರು ಮೂಟೆಗಟ್ಟಲೆ ಔಷಧಿ ಬರೆದುಕೊಡಲಿಲ್ಲ. ಅಪ್ಪನಿಗೆ ತುಸು ನಿರಾಸೆಯೇ ಆಯಿತು. ಆರೋಗ್ಯವಾಗಿ ಬೆಳೆದ ನಾಯಿಗೆ ಈ ಕೆಮ್ಮು ಒಂದರಿಂದ ಮೂರು ವಾರದಲ್ಲಿ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಜ್ವರ, ಹಳದಿ ಅಥವಾ ಹಸಿರು ಸಿಂಬಳ, ಮಂಕು ಇದ್ದರೆ ಮಾತ್ರ ಆಂಟಿಬಯಾಟಿಕ್ ಬೇಕಾಗಬಹುದು, ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಹಾಗಾದರೆ ಮನೆಯವರು ಮಾಡಬೇಕಾದ್ದೇನು? ಕೆಲಸ ಬೇಕಾದಷ್ಟಿದೆ, ಆದರೆ ಅದು ಯಾವುದೂ ಅಂಗಡಿಯಲ್ಲಿ ಸಿಗುವುದಲ್ಲ.

ಮೊದಲನೆಯದು ವಿಶ್ರಾಂತಿ. ಚೆಂಡಿನಾಟವಿಲ್ಲ, ಓಟವಿಲ್ಲ. ಹೊರಗೆ ಕರೆದೊಯ್ಯುವುದು ಮಲಮೂತ್ರಕ್ಕಷ್ಟೇ, ಅದೂ ಬೇರೆ ನಾಯಿಗಳು ಓಡಾಡದ ಹೊತ್ತಿನಲ್ಲಿ. ಕೊರಳಿನ ಬೆಲ್ಟು ಬಿಚ್ಚಿ ಎದೆಗೆ ತೊಡಿಸುವ ಹಾರ್ನೆಸ್ ಹಾಕಿದರೆ ಗಂಟಲ ಮೇಲೆ ಒತ್ತಡ ಬೀಳುವುದಿಲ್ಲ. ಎರಡನೆಯದು ಗಾಳಿ. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ, ಒಗ್ಗರಣೆಯ ಘಾಟು, ಬೀಡಿ ಸಿಗರೇಟು ಎಲ್ಲವೂ ಕೆರಳಿದ ನಾಳಕ್ಕೆ ಉಪ್ಪು ಸವರಿದಂತೆ. ಅಜ್ಜಿ ಸಂಜೆ ಧೂಪ ಹಾಕುವಾಗ ಕರಿಯನನ್ನು ಹಿತ್ತಲಿಗೆ ಕಳಿಸುವುದೆಂದು ಒಪ್ಪಂದವಾಯಿತು. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿದ ಮೇಲೆ ನಾಯಿಯೊಂದಿಗೆ ಹತ್ತು ನಿಮಿಷ ಅಲ್ಲೇ ಕುಳಿತರೆ ಕಫ ಸಡಿಲವಾಗುತ್ತದೆ. ಕುದಿಯುವ ಪಾತ್ರೆಯ ಮೇಲೆ ನಾಯಿಯ ಮುಖ ಹಿಡಿದು ಮೇಲೆ ಟವೆಲು ಹೊದಿಸುವ ಸಾಹಸ ಮಾತ್ರ ಬೇಡ. ಅದು ಬೆದರಿ ಒದ್ದರೆ ಇಬ್ಬರಿಗೂ ಸುಟ್ಟಗಾಯ.

ಊಟ ಮೆತ್ತಗಿರಲಿ. ಚೆನ್ನಾಗಿ ಬೆಂದ ಅನ್ನ, ಉಗುರುಬೆಚ್ಚಗಿನ ರಾಗಿ ಗಂಜಿ, ಮಾಂಸ ತಿನ್ನುವ ಮನೆಯಾದರೆ ಕೋಳಿ ಬೇಯಿಸಿದ ನೀರು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಕೂಡದು. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರು ಸದಾ ಕೈಗೆಟುಕುವಂತಿರಲಿ, ಅಲ್ಲ, ಬಾಯಿಗೆಟುಕುವಂತಿರಲಿ.

ಇನ್ನು ಮನೆಯ ಔಷಧಿ ಡಬ್ಬಿ. ಎಲ್ಲಕ್ಕಿಂತ ಹೆಚ್ಚು ಅನಾಹುತವಾಗುವುದು ಇಲ್ಲಿಯೇ. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ನಾಯಿಯ ಯಕೃತ್ತನ್ನು ಕೆಡಿಸಬಲ್ಲದು. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕೆಮ್ಮಿನ ಸಿರಪ್ಪುಗಳಲ್ಲಿ ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿಗಳು ಬೆರೆತಿರುತ್ತವೆ, ನಾಯಿಯ ಹೃದಯಕ್ಕೆ ಅವು ಆಗದು. ಸಕ್ಕರೆರಹಿತ ಎಂದು ಬರೆದ ಸಿರಪ್ಪಿನಲ್ಲಿ ಕ್ಸೈಲಿಟಾಲ್ ಇದ್ದರೆ ನಾಯಿಗೆ ಅದು ವಿಷವೇ ಸರಿ. ಎದೆಗೆ ಉಜ್ಜುವ ನೋವಿನ ಮುಲಾಮಿನಲ್ಲಿ ಕರ್ಪೂರವಿರುತ್ತದೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ ಎಂಬುದು ಉಜ್ಜುವವರಿಗೆ ಮರೆತುಹೋಗುತ್ತದೆ. ಅಜ್ಜಿ ಮೆಣಸಿನ ಕಷಾಯ ಮಾಡಿಯೇ ಬಿಟ್ಟಿದ್ದರು. ಕರಿಯ ಮೂಸಿ ನೋಡಿ ಅತ್ತ ಹೋಗಿ ಮಲಗಿತು. ಆ ಮಟ್ಟಿಗೆ ಮನೆಯಲ್ಲಿ ಎಲ್ಲರಿಗಿಂತ ಅದೇ ಬುದ್ಧಿವಂತ.

ಹುಡುಗಿಗೆ ವೈದ್ಯರು ಒಂದು ಕೆಲಸ ಕೊಟ್ಟಿದ್ದರು, ಲೆಕ್ಕ ಬರೆಯುವುದು. ಕರಿಯ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು. ನಿದ್ದೆಯಲ್ಲಿ ನಿಮಿಷಕ್ಕೆ ಮೂವತ್ತರೊಳಗಿದ್ದರೆ ಚಿಂತೆಯಿಲ್ಲ. ಮತ್ತೆ ಮತ್ತೆ ಎಣಿಸಿದರೂ ಅದಕ್ಕಿಂತ ಹೆಚ್ಚೇ ಬರುತ್ತಿದ್ದರೆ ಕಾಯಿಲೆ ನಾಳದಿಂದ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು, ಫೋನು ಮಾಡಬೇಕು. ರಾತ್ರಿ ಎಷ್ಟು ಸಲ ಕೆಮ್ಮಿತು, ಎಷ್ಟು ತಿಂದಿತು, ಒಸಡು ಗುಲಾಬಿಯೋ ಬಿಳಿಚಿದೆಯೋ ಎಂಬುದನ್ನೂ ಬರೆಯಬೇಕು. ಜ್ವರ ನೋಡುವ ಕೆಲಸ ದೊಡ್ಡವರದು, ಏಕೆಂದರೆ ನಾಯಿಗೆ ಥರ್ಮಾಮೀಟರ್ ಇಡುವುದು ಗುದದ್ವಾರದಲ್ಲಿ. ಮನುಷ್ಯರ ಲೆಕ್ಕ ಇಲ್ಲಿ ನಡೆಯದು. ನಾಯಿಯ ಸಹಜ ಉಷ್ಣತೆಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೈ ಮುಟ್ಟಿ 'ಅಯ್ಯೋ, ಸುಡುತ್ತಿದೆ' ಎಂದು ಹೆದರುವವರು ಇದನ್ನು ನೆನಪಿಡಬೇಕು.

ಗಣಿತದ ಕಚ್ಚಾ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಹುಡುಗಿ ಬರೆಯತೊಡಗಿದಳು. ಮೊದಲ ರಾತ್ರಿ ಕೆಮ್ಮು 14 ಸಲ, ಉಸಿರು 22. ಎರಡನೇ ರಾತ್ರಿ 16, ಉಸಿರು 24. ಐದನೇ ರಾತ್ರಿಗೆ 9. ಪರೀಕ್ಷೆಯ ನಡುವೆ ಇದೆಲ್ಲ ಬೇಕೇ ಎಂದು ಅಪ್ಪ ಗೊಣಗಿದರೂ, ಅಂಕಿಗಳು ಇಳಿಯುವುದನ್ನು ಪ್ರತಿದಿನ ಬೆಳಿಗ್ಗೆ ಮೊದಲು ನೋಡುತ್ತಿದ್ದವರು ಅವರೇ.

ಎಲ್ಲವನ್ನೂ ಸರಿಯಾಗಿ ಮಾಡಿದ ಆ ಮನೆಯವರು ಒಂದನ್ನು ಮಾಡಲಿಲ್ಲ. ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅವರು ಎರಡು ತಿಂಗಳ ನಾಯಿಮರಿಯೊಂದನ್ನು ತಂದುಕೊಂಡಿದ್ದರು. ಅದಕ್ಕೆ ಹಾಕಿಸಿದ್ದು ಮೊದಲ ಲಸಿಕೆ ಮಾತ್ರ. "ಮೇಷ್ಟ್ರಿಗೆ ಒಂದು ಮಾತು ಹೇಳಿಬಿಡಿ" ಎಂದು ಅಮ್ಮ ಅಂದಿದ್ದರು. "ಹೇಳಿದರೆ ಸುಮ್ಮನೆ ಗಾಬರಿಯಾಗ್ತಾರೆ. ನಮ್ಮ ನಾಯಿ ಅವರ ಮನೆಗೆ ಹೋಗುತ್ತಾ?" ಎಂದು ಅಪ್ಪ ಮುಂದೂಡಿದ್ದರು.

ಕರಿಯ ಹೋಗಲಿಲ್ಲ, ನಿಜ. ಹೋದದ್ದು ಹುಡುಗಿ. ಮೂರನೆಯ ದಿನ ಕರಿಯನ ಮೂಗು ಬಾಯಿ ಒರೆಸಿ, ಅದೇ ಕೈಯಲ್ಲಿ, ಅದೇ ಬಟ್ಟೆಯಲ್ಲಿ ಪಕ್ಕದ ಮನೆಗೆ ಹೋಗಿ ಮರಿಯನ್ನು ಎತ್ತಿಕೊಂಡು ಮುದ್ದಿಸಿದ್ದಳು. ಈ ರೋಗ ಕೆಮ್ಮಿದಾಗ ಸಿಡಿಯುವ ಹನಿಗಳಿಂದ ಹೇಗೋ ಹಾಗೆಯೇ ತಟ್ಟೆ, ಹಾಸಿಗೆ, ಬಟ್ಟೆ, ಕೈಗಳಿಂದಲೂ ದಾಟುತ್ತದೆ. ತಗಲಿದ ಎರಡರಿಂದ ಹದಿನಾಲ್ಕು ದಿನದೊಳಗೆ ಕಾಣಿಸಿಕೊಳ್ಳುತ್ತದೆ.

ಒಂಬತ್ತನೆಯ ದಿನ ಮೇಷ್ಟ್ರು ಗೇಟಿನ ಬಳಿ ನಿಂತು ಕೂಗಿದರು. ಮರಿ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಹುಡುಗಿ ಓಡಿಹೋಗಿ ಎಣಿಸಿದಳು. ಮಲಗಿದ್ದಲ್ಲೇ ನಿಮಿಷಕ್ಕೆ 58 ಉಸಿರು. ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ಅಪ್ಪ ಕಚೇರಿಗೆ ಹೊರಟವರು ಆಟೋ ಕರೆದರು.

ಮರಿಗಳಲ್ಲಿ, ಮುದಿ ನಾಯಿಗಳಲ್ಲಿ, ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಈ ಕೆಮ್ಮು ನ್ಯುಮೋನಿಯಾಕ್ಕೆ ತಿರುಗಬಹುದು. ಎಕ್ಸ್‌ರೇಯಲ್ಲಿ ಅದೇ ಕಂಡಿತು. ವೈದ್ಯರಿಗೆ ಅದಕ್ಕಿಂತ ದೊಡ್ಡ ಅಂಜಿಕೆಯೂ ಇತ್ತು, ಡಿಸ್ಟೆಂಪರ್. ಆರಂಭದಲ್ಲಿ ಅದೂ ಕೆಮ್ಮು ನೆಗಡಿಯಂತೆಯೇ ಬರುತ್ತದೆ. ಜ್ವರ, ಕಣ್ಣು ಮೂಗಿನಿಂದ ಕೀವಿನಂಥ ಸ್ರಾವ, ಆಮೇಲೆ ವಾಂತಿ ಭೇದಿ. ಕೆಲವು ನಾಯಿಗಳಲ್ಲಿ ಪಾದದ ಮೆತ್ತೆ ಗಟ್ಟಿಯಾಗುತ್ತದೆ. ರೋಗ ಮಿದುಳಿಗೆ ಏರಿದರೆ ಸ್ನಾಯುಗಳು ಅದುರುತ್ತವೆ, ಬಾಯಿ ಏನನ್ನೋ ಅಗಿಯುವಂತೆ ಆಡುತ್ತಾ ಅಪಸ್ಮಾರ ಬರುತ್ತದೆ. ಸಿಡುಬಿಗೆ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರ್ 1809ರಲ್ಲೇ ಈ ರೋಗದ ಲಕ್ಷಣಗಳನ್ನು ವಿವರಿಸಿದ್ದ. ಇದಕ್ಕೆ ಕಾರಣ ವೈರಸ್ ಎಂದು 1905ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಹೆನ್ರಿ ಕಾರೆ. ಮಕ್ಕಳ ದಡಾರದ ವೈರಸ್‌ಗೆ ಇದು ಹತ್ತಿರದ ಸಂಬಂಧಿ, ಆದರೆ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ನಾಯಿಯಲ್ಲೇ ನಿಲ್ಲುವುದೂ ಇಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಡಿಸ್ಟೆಂಪರ್ ವೈರಸ್ ತಗಲಿದ್ದು ಪತ್ತೆಯಾಗಿತ್ತು. ಇದಕ್ಕೆ ನೇರ ಮದ್ದಿಲ್ಲ, ಲಸಿಕೆಯಿದೆ. ಮರಿಗೆ ಆರರಿಂದ ಎಂಟು ವಾರವಾದಾಗ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ಒಂದು ಹಾಕಿಸಿ ಕೈಬಿಟ್ಟರೆ ಅರ್ಧ ಕಟ್ಟಿದ ಗೋಡೆ.

ಮರಿಯನ್ನು ಪರೀಕ್ಷೆ ಮಾಡಿಸಿದಾಗ ಡಿಸ್ಟೆಂಪರ್ ಅಲ್ಲವೆಂದು ತಿಳಿಯಿತು. "ಕೆಮ್ಮಿದ ನಾಯಿಯನ್ನು ಮುಟ್ಟಿ ಯಾರಾದರೂ ಇದನ್ನು ಮುಟ್ಟಿದ್ರಾ?" ಎಂದು ವೈದ್ಯರು ಕೇಳಿದರು. ಮೇಷ್ಟ್ರಿಗೆ ಏನೂ ತಿಳಿಯದು. ಹುಡುಗಿ ನೆಲ ನೋಡುತ್ತಾ "ನಾನು" ಎಂದಳು. ಅಪ್ಪ ನಡುವೆ ಬಂದರು. "ಅವಳದು ತಪ್ಪಿಲ್ಲ ಮೇಷ್ಟ್ರೇ. ನಿಮಗೆ ಹೇಳಬೇಕಿತ್ತು, ನಾನು ಹೇಳಲಿಲ್ಲ." ಬೋರ್ಡಿಂಗ್‌ನವರಿಗೆ ಫೋನಿನಲ್ಲಿ ಅಂದ ಮಾತು ಆಗ ಅವರ ಕಿವಿಯಲ್ಲಿ ಇದ್ದಿರಲೇಬೇಕು.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೊದಲು ಇದು ಉಸಿರಾಡಲಿ" ಎಂದರು.

ಐದು ದಿನ ಇಂಜೆಕ್ಷನ್, ದಿನಕ್ಕೆರಡು ಸಲ ನೆಬ್ಯುಲೈಸರ್. ಮೇಷ್ಟ್ರಿಗೆ ಆಟೋ ಹತ್ತಿ ಇಳಿಯುವುದು ಕಷ್ಟವೆಂದು ಸಂಜೆಯ ಸರದಿಯನ್ನು ಅಪ್ಪ ವಹಿಸಿಕೊಂಡರು. ಆಸ್ಪತ್ರೆಯಲ್ಲಿ ಬೇರೆ ನಾಯಿಗಳ ನಡುವೆ ಕೂರದೆ, ಮೊದಲೇ ಫೋನು ಮಾಡಿ, ಸರದಿ ಬರುವವರೆಗೆ ಹೊರಗಿನ ಹೊಂಗೆ ಮರದ ಕೆಳಗೆ ಕಾದರು. ಹುಡುಗಿಗೆ ಮರಿಯನ್ನು ಮುಟ್ಟಲು ಅನುಮತಿ ಸಿಕ್ಕಿತು, ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಿಸಿದ ಮೇಲೆ. ಕರಿಯನ ತಟ್ಟೆ ಬಟ್ಟಲುಗಳನ್ನು ಬೇರೆಯೇ ಇಟ್ಟು ಬಿಸಿನೀರು ಸೋಪಿನಿಂದ ತೊಳೆದರು. ಹಾಸಿದ್ದ ಗೋಣಿಯನ್ನು ಎಸೆದು, ಒಗೆದು ಬಿಸಿಲಿಗೆ ಹಾಕಬಹುದಾದ ಹಳೆಯ ಸೀರೆ ಹಾಸಿದರು. ಬೀದಿಯಲ್ಲಿ ನಾಯಿ ಸಾಕಿದ ಇನ್ನೆರಡು ಮನೆಗಳಿಗೂ ಅಪ್ಪ ಹೋಗಿ ಹೇಳಿಬಂದರು. ಒಬ್ಬರು ಮುಖ ಗಂಟಿಕ್ಕಿದರು. ಇನ್ನೊಬ್ಬರು "ನಮ್ಮದೂ ನಿನ್ನೆಯಿಂದ ಕೆಮ್ಮುತ್ತಿದೆ, ಮೂಳೆ ಅಂತ ಬಾಳೆಹಣ್ಣು ತಿನ್ನಿಸ್ತಾ ಇದ್ವಿ" ಎಂದರು.

ಕೆಮ್ಮು ನಿಂತಿತೆಂದರೆ ಸೋಂಕು ಹೋಯಿತೆಂದಲ್ಲ. ಗುಣವಾದಂತೆ ಕಂಡ ನಾಯಿಯೂ ವಾರಗಟ್ಟಲೆ ಬಾರ್ಡೆಟೆಲ್ಲಾವನ್ನು ಹೊರಹಾಕುತ್ತಿರಬಹುದು. ಆದ್ದರಿಂದ ಕೆಮ್ಮು ಪೂರ್ತಿ ನಿಂತ ಮೇಲೂ ಎರಡು ವಾರ ಬೇರೆ ನಾಯಿಗಳ ಸಹವಾಸ ಬೇಡವೆಂದು ವೈದ್ಯರು ಹೇಳಿದರು. ಮರಿಯನ್ನಂತೂ ಇನ್ನೂ ಹೆಚ್ಚು ಕಾಲ ಬೇರೆಯೇ ಇಡಬೇಕು. ಕರಿಯನಿಗೆ ವರ್ಷ ವರ್ಷ ಹಾಕಿಸುತ್ತಿದ್ದ ಲಸಿಕೆಯಲ್ಲಿ ಡಿಸ್ಟೆಂಪರ್, ಅಡಿನೊವೈರಸ್, ಪ್ಯಾರಾಇನ್‌ಫ್ಲುಯೆಂಜಾ ಇದ್ದವು, ಬಾರ್ಡೆಟೆಲ್ಲಾ ಇರಲಿಲ್ಲ. ಅದಕ್ಕೆ ಬೇರೆಯೇ ಲಸಿಕೆಯಿದೆ, ಮೂಗಿಗೆ ಹನಿಯಾಗಿ ಬಿಡುವುದೂ ಉಂಟು. ನಾಯಿಯನ್ನು ಬೋರ್ಡಿಂಗಿಗೋ ಪ್ರದರ್ಶನಕ್ಕೋ ಒಯ್ಯುವವರು ವಾರಗಳ ಮುಂಚೆಯೇ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬೇಕು. ಹಾಕಿಸಿದರೂ ಕೆಮ್ಮು ಬರುವುದೇ ಇಲ್ಲವೆಂದಲ್ಲ, ಬಂದರೂ ಹಗುರವಾಗಿ ಹೋಗುತ್ತದೆ.

ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗ ಎರಡು ಕಂಬಸಾಲುಗಳು. ಕರಿಯನ ಸಾಲಿನಲ್ಲಿ ಹದಿನೇಳನೆಯ ರಾತ್ರಿಯಿಂದ ಕೆಮ್ಮು ಸೊನ್ನೆ. ಮರಿಯ ಉಸಿರು 58ರಿಂದ 44ಕ್ಕೆ, 36ಕ್ಕೆ, ಕೊನೆಗೆ 26ಕ್ಕೆ ಇಳಿದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮರಿಯ ಮುಂದಿನ ಲಸಿಕೆಯ ದಿನಕ್ಕೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಅಂದು ಬೆಳಿಗ್ಗೆ ಒಂಬತ್ತಕ್ಕೆ ಆಟೋ ತರುವುದಾಗಿ ಅಪ್ಪ ಹೇಳಿದ್ದಾರೆ.